ಪಕ್ಕದ ಮನೆಯವರ ಬಾವುಟ, ಮಗಳ ಶಾಲೆಯ ಚೀಟಿ: ಕ್ಯಾಸ್ಕೇಡಿಯಾ ಅಂದರೆ ದೇಶವೋ ಭೂಕಂಪವೋ?

#1 ಹಂಚಿನಮನೆ (ಪೋರ್ಟ್‌ಲ್ಯಾಂಡ್)

ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಬಂದು ಎರಡು ವರ್ಷ ಆಯಿತು. ಹೋದ ತಿಂಗಳು ಬಾಡಿಗೆ ಮನೆ ಬದಲಿಸಿದೆವು. ಪಕ್ಕದ ಮನೆಯ ಜಗಲಿಯಲ್ಲಿ ಒಂದು ಬಾವುಟ ಇದೆ. ನೀಲಿ, ಬಿಳಿ, ಹಸಿರು ಪಟ್ಟಿ, ನಡುವೆ ಒಂದು ದೊಡ್ಡ ಮರ. ಯಾವುದೋ ಫುಟ್‌ಬಾಲ್ ತಂಡದ್ದು ಇರಬೇಕು ಅಂದುಕೊಂಡೆ. ಕಸದ ಡಬ್ಬ ಹೊರಗಿಡುವಾಗ ಸಿಕ್ಕ ಯಜಮಾನರನ್ನು ಕೇಳಿದರೆ "ನಮ್ಮ ದೇಶದ್ದು, ಕ್ಯಾಸ್ಕೇಡಿಯಾ" ಎಂದು ನಕ್ಕು ಒಳಗೆ ಹೋದರು.

ಅದೇ ವಾರ ಮಗಳ ಶಾಲೆಯಿಂದ ಚೀಟಿ ಬಂತು. ಕ್ಯಾಸ್ಕೇಡಿಯಾ ಭೂಕಂಪ ಆದರೆ ಬೇಕಾಗುತ್ತದೆ, ಒಂದು ಜಿಪ್ ಚೀಲ ಕಳಿಸಿ ಅಂತ. ಒಳಗೆ ಹಾಳಾಗದ ತಿಂಡಿ, ನೀರು, ಮನೆಯವರ ಫೋಟೊ, ಜೊತೆಗೆ ಅಪ್ಪ ಅಮ್ಮ ಬರೆದ ಒಂದು ಪತ್ರ. ನಾವು ಶಾಲೆಗೆ ತಲುಪಲು ಆಗದೆ ಹೋದರೆ ಮಗು ಓದಿಕೊಂಡು ಸಮಾಧಾನ ಮಾಡಿಕೊಳ್ಳಲಿ ಅಂತ. ಓದಿ ಕೈ ತಣ್ಣಗಾಯಿತು.

ಎರಡಕ್ಕೂ ಒಂದೇ ಹೆಸರು ಹೇಗೆ? ಇವರು ನಿಜವಾಗಿಯೂ ದೇಶ ಒಡೆಯುವ ಜನವಾ? ಭೂಕಂಪದ ವಿಷಯ ಎಷ್ಟು ನಿಜ, ಎಷ್ಟು ಸುಮ್ನೆ ಹೆದರಿಸುವುದು? ಇಲ್ಲಿ ಬಹಳ ವರ್ಷ ಇದ್ದವರು ದಯವಿಟ್ಟು ಹೇಳಿ.

#2 ಸಿಯಾಟಲ್ ಸೀನ

ಹೆಸರು ಒಂದೇ, ಯಾಕೆಂದರೆ ತಾಯಿ ಒಬ್ಬಳೇ: ಕ್ಯಾಸ್ಕೇಡ್ ಬೆಟ್ಟಸಾಲು. ಆ ಬೆಟ್ಟಕ್ಕೆ ಹೆಸರು ಬಂದದ್ದು ಕೊಲಂಬಿಯಾ ನದಿ ಕಲ್ಲುಗಳ ಮೇಲೆ ಭೋರ್ಗರೆದು ಇಳಿಯುತ್ತಿದ್ದ ಒಂದು ಜಾಗದಿಂದ. ತಮಾಷೆ ಏನೆಂದರೆ ಆ ಜಾಗವೇ ಈಗ ಕಾಣುವುದಿಲ್ಲ. 1938ರಲ್ಲಿ ಬಾನವಿಲ್ ಅಣೆಕಟ್ಟು ತುಂಬಿದಾಗ ಮುಳುಗಿತು. ಹೆಸರು ಮಾತ್ರ ಉಳಿಯಿತು.

ಇನ್ನು ಚಳವಳಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಬರ್ಗ್, ರೇಮಂಡ್ ಡಾಸ್ಮನ್ ಮುಂತಾದವರು "ಬಯೋರೀಜನ್" ಎಂಬ ಮಾತನ್ನು ಹಬ್ಬಿಸಿದರು. ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಎಳೆದ ಗಡಿ ಸುಳ್ಳು. ಮಳೆ ಎಲ್ಲಿ ಬಿದ್ದು ಯಾವ ನದಿಗೆ ಸೇರುತ್ತದೆ, ಯಾವ ಮರ ಎಲ್ಲಿಯವರೆಗೆ ಬೆಳೆಯುತ್ತದೆ, ಅದೇ ನಿಜವಾದ ಗಡಿ ಅಂತ ಅವರ ವಾದ. ಸಿಯಾಟಲ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಮೆಕ್‌ಕ್ಲಾಸ್ಕಿ 1980ರ ದಶಕದಲ್ಲಿ ಈ ಸೀಮೆಗೆ ಕ್ಯಾಸ್ಕೇಡಿಯಾ ಅಂತ ಹೆಸರಿಟ್ಟು ನಕ್ಷೆ ಬರೆದರು. ವಾಷಿಂಗ್ಟನ್ ರಾಜ್ಯ, ಆರೆಗನ್, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬಹುಪಾಲು, ಐಡಹೊ, ಮೊಂಟಾನಾದ ಒಂದಷ್ಟು, ಉತ್ತರ ಕ್ಯಾಲಿಫೋರ್ನಿಯಾದ ತುದಿ. ಕೊಲಂಬಿಯಾ, ಸ್ನೇಕ್, ಫ್ರೇಸರ್ ನದಿಗಳ ನೀರು ಎಲ್ಲಿಂದ ಬರುತ್ತದೋ ಅಷ್ಟೂ ಒಂದೇ ನಾಡು ಅಂತ.

ಬಾವುಟ 1990ರ ದಶಕದ ನಡುವಿನದು. ನಿಮ್ಮ ಪೋರ್ಟ್‌ಲ್ಯಾಂಡಿನ ಅಲೆಕ್ಸಾಂಡರ್ ಬಾರೆಟಿಚ್ ಮಾಡಿದ್ದು. ಮರ ಡಗ್ಲಸ್ ಫರ್, ಅದಕ್ಕೇ ಬಾವುಟವನ್ನು ಎಲ್ಲರೂ ಮುದ್ದಿನಿಂದ "ಡಗ್" ಅನ್ನುತ್ತಾರೆ. ನಿಮ್ಮ ಫುಟ್‌ಬಾಲ್ ಊಹೆಯೂ ತಪ್ಪಲ್ಲ. ಪೋರ್ಟ್‌ಲ್ಯಾಂಡ್, ಸಿಯಾಟಲ್, ವ್ಯಾಂಕೂವರ್ ತಂಡಗಳ ಅಭಿಮಾನಿಗಳು 2004ರಲ್ಲಿ ತಾವೇ ಸೇರಿ ಕ್ಯಾಸ್ಕೇಡಿಯಾ ಕಪ್ ಶುರು ಮಾಡಿದರು. ಮೈದಾನದಲ್ಲಿ ಡಗ್ ಜಾಸ್ತಿ.

ದೇಶ ಒಡೆಯುವ ಮಾತಾಡುವವರು ಇದ್ದಾರೆ, ಆದರೆ ಕಡಿಮೆ. 2016ರ ನವೆಂಬರಿನಲ್ಲಿ ಟ್ರಂಪ್ ಗೆದ್ದ ಕೂಡಲೇ ಪೋರ್ಟ್‌ಲ್ಯಾಂಡಿನ ಇಬ್ಬರು, ಆರೆಗನ್ ಹೊರಗೆ ಹೋಗಲಿ ಅಂತ ಮತಕ್ಕೆ ಹಾಕಲು ಅರ್ಜಿ ಕೊಟ್ಟರು. ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. 1869ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಟೆಕ್ಸಸ್‌ನ ಒಂದು ಮೊಕದ್ದಮೆಯಲ್ಲಿ, ರಾಜ್ಯಗಳು ತಮ್ಮಷ್ಟಕ್ಕೆ ತಾವೇ ಬಿಟ್ಟು ಹೋಗುವ ಹಾಗಿಲ್ಲ ಎಂದು ಹೇಳಿಬಿಟ್ಟಿದೆ.

#3 ತರಲೆ ತಿಮ್ಮ

ಕೂಸು ಹುಟ್ಟೋಕೆ ಮುಂಚೆ ಕುಲಾವಿ. ದೇಶ ಇಲ್ಲ, ಬಾವುಟ ಇದೆ, ಕಪ್ ಕೂಡ ಇದೆ.

#4 ಕಲ್ಲುಬಂಡೆ (ಕಾರ್ವಾಲಿಸ್, ಆರೆಗನ್)

ಭೂಕಂಪದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕರಾವಳಿಯಿಂದ ಆಚೆ, ಸಮುದ್ರದ ತಳದಲ್ಲಿ, ವ್ಯಾಂಕೂವರ್ ದ್ವೀಪದಿಂದ ಕ್ಯಾಲಿಫೋರ್ನಿಯಾದ ಕೇಪ್ ಮೆಂಡೊಸಿನೊವರೆಗೆ ಸುಮಾರು 1000 ಕಿಲೋಮೀಟರ್ ಉದ್ದದ ಬಿರುಕು ಇದೆ. ಅಲ್ಲಿ ಹ್ವಾನ್ ಡಿ ಫುಕಾ ಎಂಬ ಸಣ್ಣ ಶಿಲಾಫಲಕ ಉತ್ತರ ಅಮೆರಿಕದ ಫಲಕದ ಅಡಿಗೆ ನುಗ್ಗುತ್ತಿದೆ. ವರ್ಷಕ್ಕೆ ಮೂರು ನಾಲ್ಕು ಸೆಂಟಿಮೀಟರ್, ಉಗುರು ಬೆಳೆದಷ್ಟು. ಸುಮ್ಮನೆ ಜಾರಿಕೊಂಡು ಹೋದರೆ ತೊಂದರೆ ಇರಲಿಲ್ಲ. ಎರಡೂ ಕಚ್ಚಿಕೊಂಡಿವೆ. ಹಾಗಾಗಿ ಮೇಲಿನ ಫಲಕದ ಅಂಚು ಬಿಲ್ಲಿನಂತೆ ಬಗ್ಗಿ ಕರಾವಳಿ ನಿಧಾನವಾಗಿ ಮೇಲೇಳುತ್ತಿದೆ. ಕಚ್ಚು ಬಿಟ್ಟ ದಿನ ಅಂಚು ಸಮುದ್ರದ ಕಡೆ ಚಿಮ್ಮುತ್ತದೆ, ಕರಾವಳಿಯ ನೆಲ ಒಂದೆರಡು ಮೀಟರ್ ಕುಸಿಯುತ್ತದೆ. ನೆಲ ತಗ್ಗಿದ ಮೇಲೆ ಅಲೆ ಬರುತ್ತದೆ. ಕೆಟ್ಟದ್ದು ಅಂದರೆ ಈ ಕ್ರಮವೇ.

1980ರವರೆಗೂ ಇಲ್ಲಿ ಇಂಥದ್ದು ಆಗುವುದಿಲ್ಲ ಎಂದೇ ಬಹಳ ಜನ ನಂಬಿದ್ದರು. ಆಮೇಲೆ ಬ್ರಯನ್ ಆಟ್‌ವಾಟರ್ ಎಂಬ ಭೂವಿಜ್ಞಾನಿ ದೋಣಿ, ಗುದ್ದಲಿ ಹಿಡಿದು ವಾಷಿಂಗ್ಟನ್ ಕರಾವಳಿಯ ಜವುಗಿನಲ್ಲಿ ಅಗೆಯುತ್ತಾ ಹೋದರು. ಹುಲ್ಲಿನ ಮಣ್ಣು, ಅದರ ಮೇಲೆ ಮರಳು, ಅದರ ಮೇಲೆ ಕೆಸರು. ಒಂದು ಕಾಲದ ಹುಲ್ಲುಗಾವಲು ಒಮ್ಮೆಲೇ ತಗ್ಗಿ, ಸಮುದ್ರ ಅದರ ಮೇಲೆ ಮರಳು ಹರಡಿತ್ತು. ಕೊಪಾಲಿಸ್ ನದಿಯ ಬಳಿ ನಿಂತಲ್ಲೇ ಸತ್ತ ದೇವದಾರು ಜಾತಿಯ ಮರಗಳಿವೆ, ಭೂತದ ಕಾಡು ಅನ್ನುತ್ತಾರೆ. ಉಪ್ಪುನೀರು ಬೇರಿಗೆ ಹೋಗಿ ಸತ್ತವು. ಬೇರಿನ ಉಂಗುರ ಎಣಿಸಿದಾಗ ತಿಳಿದದ್ದು, ಅವು ಸತ್ತದ್ದು 1699ರ ಆಗಸ್ಟ್ ಮತ್ತು 1700ರ ಮೇ ನಡುವೆ.

ದಿನ ತಿಳಿದದ್ದು ಜಪಾನಿನಿಂದ. 1700ರ ಜನವರಿ ಕೊನೆಯಲ್ಲಿ ಅಲ್ಲಿನ ಕರಾವಳಿಗೆ ಸುನಾಮಿ ಬಂತು. ನೆಲ ನಡುಗಿರಲಿಲ್ಲ. ಊರುಗಳ ಲೆಕ್ಕದ ಪುಸ್ತಕದಲ್ಲಿ ಮುಳುಗಿದ ಮನೆ, ಹೋದ ಭತ್ತ ಎಲ್ಲ ಬರೆದಿಟ್ಟರು. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ್ದರಿಂದ ಅದಕ್ಕೆ "ಅನಾಥ ಸುನಾಮಿ" ಅಂತ ಹೆಸರು. 1996ರಲ್ಲಿ ಕೆಂಜಿ ಸತಾಕೆ ಮತ್ತು ಸಂಗಡಿಗರು ಅಲೆ ಸಾಗರ ದಾಟುವ ಹೊತ್ತನ್ನು ಹಿಂದಕ್ಕೆ ಎಣಿಸಿ ತಾಯಿಯನ್ನು ಹುಡುಕಿದರು. 1700ರ ಜನವರಿ 26, ರಾತ್ರಿ ಸುಮಾರು 9 ಗಂಟೆ, ಕ್ಯಾಸ್ಕೇಡಿಯಾ. ತೀವ್ರತೆ 9ರ ಆಸುಪಾಸು. ಅಕ್ಷರ ಬಲ್ಲವರು ಸಾಗರದ ಆಚೆ ದಡದಲ್ಲಿ ಕೂತು ಈ ದಡದ ಜಾತಕ ಬರೆದಿಟ್ಟಿದ್ದರು. ಎಷ್ಟು ಸಲ ಯೋಚಿಸಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಇದು ಒಂದೇ ಸಲ ಆದದ್ದಲ್ಲ. ನಮ್ಮೂರಿನ ವಿಶ್ವವಿದ್ಯಾಲಯದ ಕ್ರಿಸ್ ಗೋಲ್ಡ್‌ಫಿಂಗರ್ ತಂಡ ಸಮುದ್ರದ ತಳದ ಕೆಸರನ್ನು ಕೊಳವೆಯಲ್ಲಿ ತೆಗೆದು ನೋಡಿತು. ಕಳೆದ 10,000 ವರ್ಷದಲ್ಲಿ 41 ದೊಡ್ಡ ಭೂಕಂಪಗಳ ಗುರುತು ಸಿಕ್ಕವು. ಅದರಲ್ಲಿ 19 ಸಲ ಬಿರುಕು ಉದ್ದಕ್ಕೂ ಹರಿದಿತ್ತು.

#5 ಲೆಕ್ಕದ ಮೇಷ್ಟ್ರು

ಅಂದರೆ ಸರಾಸರಿ 240 ವರ್ಷಕ್ಕೆ ಒಂದು. ಈಗ 325 ದಾಟಿದೆ. ಗಡುವು ಮುಗಿದಿದೆ ಅಲ್ವಾ? 50 ವರ್ಷದಲ್ಲಿ 37 ಪರ್ಸೆಂಟ್ ಅಂತ ಎಲ್ಲೋ ಓದಿದ ನೆನಪು.

#6 ಕಲ್ಲುಬಂಡೆ

@ಮೇಷ್ಟ್ರೇ, ಅಲ್ಲೇ ಎಲ್ಲರೂ ಎಡವುವುದು. ಆ 37 ದಕ್ಷಿಣ ತುದಿಯ ಲೆಕ್ಕ. ಅಲ್ಲಿ ಬಿರುಕು ತುಂಡುತುಂಡಾಗಿ ಜಾಸ್ತಿ ಸಲ ಹರಿಯುತ್ತದೆ. ಉದ್ದಕ್ಕೂ ಹರಿಯುವ 9ರ ಅಳತೆಯದಕ್ಕೆ ಸಾಮಾನ್ಯವಾಗಿ ಹೇಳುವುದು 50 ವರ್ಷದಲ್ಲಿ 10ರಿಂದ 15 ಪರ್ಸೆಂಟ್. 19 ಸಲ ಅಂದರೆ ಸರಾಸರಿ 500 ವರ್ಷದ ಮೇಲೆ. ಆದರೆ ಅದು ಗಡಿಯಾರ ಅಲ್ಲ. ಒಮ್ಮೆ ಬೇಗ ಬಂದಿದೆ, ಒಮ್ಮೆ ಸಾವಿರ ವರ್ಷ ಸುಮ್ಮನಿದೆ. "ಗಡುವು" ಎಂಬ ಮಾತು ಬೇಡ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ? ಬರುವುದು ಖಂಡಿತ, ಯಾವ ಬೆಳಿಗ್ಗೆ ಅನ್ನುವುದು ಗೊತ್ತಿಲ್ಲ.

#7 ಬೀದರ್ ಬಸ್ಯಾ (ಬೆಲ್‌ವ್ಯೂ)

ನಾನು ಆಗ ಆರನೇ ಕ್ಲಾಸು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ, ಲಾತೂರಿನ ಭೂಕಂಪ. ನಮ್ಮ ಮನೆಯ ಗೂಡಿನಿಂದ ಪಾತ್ರೆಗಳು ಉರುಳಿದವು. ಅಜ್ಜಿ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದುಕೊಂಡು ಬಂದಳು. ಗಡಿಯಾಚೆ ಕಲ್ಲು ಮಣ್ಣಿನ ಮನೆಗಳಲ್ಲಿ ಮಲಗಿದ್ದವರು ಏಳಲೇ ಇಲ್ಲ. ಅದು 6.2. ಅದು ನಡುಗಿದ್ದು ಕೆಲವು ಸೆಕೆಂಡು. ಇಲ್ಲಿ 9 ಬಂದರೆ ಮೂರರಿಂದ ಐದು ನಿಮಿಷ ಅಂತ ಹೇಳುತ್ತಾರೆ. ಐದು ನಿಮಿಷ ಎಣಿಸಿ ನೋಡಿ. ನಾನು ಒಂದು ರಾತ್ರಿ ಹಾಸಿಗೆಯಲ್ಲಿ ಎಣಿಸಿದೆ. ಮುಗಿಯುವುದೇ ಇಲ್ಲ.

ಒಂದು ಸಮಾಧಾನ. ಇಲ್ಲಿನ ಮನೆಗಳು ಮರದವು, ಬಾಗುತ್ತವೆ. ಬೀಳುವುದು ಹಳೆಯ ಇಟ್ಟಿಗೆ ಕಟ್ಟಡಗಳು. ಪೋರ್ಟ್‌ಲ್ಯಾಂಡಿನಲ್ಲಿ ಅಂಥವು 1,600ಕ್ಕಿಂತ ಜಾಸ್ತಿ ಇವೆ. @ಹಂಚಿನಮನೆ, ನಿಮ್ಮ ಮನೆ ಹಳೆಯದಾದರೆ ಅಡಿಪಾಯಕ್ಕೆ ಬೋಲ್ಟ್ ಹಾಕಿದ್ದಾರಾ ಎಂದು ಮಾಲೀಕರನ್ನು ಕೇಳಿ. ಕೇಳಲು ನಾಚಿಕೆ ಬೇಡ.

#8 ಖಡಕ್ ರೊಟ್ಟಿ

ಬಾವುಟದವರಿಗೆ ನನ್ನದೊಂದು ಪ್ರಶ್ನೆ. ಇಷ್ಟು ದೊಡ್ಡ ಗಂಡಾಂತರ ಮನೆ ಬಾಗಿಲಲ್ಲಿ ಇಟ್ಟುಕೊಂಡು ಬೇರೆ ದೇಶ ಆಗುತ್ತೀವಿ ಅಂದರೆ ಹೆಲಿಕಾಪ್ಟರ್ ಯಾರು ಕಳಿಸುತ್ತಾರೆ? ಕರಾವಳಿಗೂ ಕಣಿವೆಗೂ ನಡುವೆ ಇರುವ ರಸ್ತೆಗಳು ಕಡಿದು ಹೋಗುತ್ತವೆ. ಸೇತುವೆ ಇರುವುದಿಲ್ಲ. ಆರೆಗನ್ನಿಗೆ ಬರುವ ಪೆಟ್ರೋಲು ಡೀಸೆಲಿನಲ್ಲಿ ಸುಮಾರು 90 ಪರ್ಸೆಂಟ್ ಪೋರ್ಟ್‌ಲ್ಯಾಂಡಿನಲ್ಲಿ ವಿಲಾಮೆಟ್ ನದಿಯ ದಂಡೆಯ ಆರು ಮೈಲಿ ಉದ್ದದ ಟ್ಯಾಂಕುಗಳ ಸಾಲಿನಲ್ಲಿ ಇರುತ್ತದೆ. ಆ ನೆಲ ನಡುಗಿದಾಗ ಕೆಸರಾಗುವ ನೆಲ. ಆ ದಿನ ಅನ್ನ, ಎಣ್ಣೆ, ಸೈನ್ಯ ಎಲ್ಲ ಬೆಟ್ಟದ ಆಚೆಯಿಂದಲೇ ಬರಬೇಕು. ಬೆಟ್ಟದ ಆಚೆಯವರ ಜೊತೆ ಜಗಳ ಆಡಿಕೊಂಡು ಗಡಿ ಹಾಕಿಕೊಂಡರೆ?

2016ರ ಜೂನಿನಲ್ಲಿ ಕ್ಯಾಸ್ಕೇಡಿಯಾ ರೈಸಿಂಗ್ ಅಂತ ನಾಲ್ಕು ದಿನ ದೊಡ್ಡ ತಾಲೀಮು ಮಾಡಿದರು. ಫೆಡರಲ್, ರಾಜ್ಯ, ಕೌಂಟಿ, ಸೈನ್ಯ, ಬುಡಕಟ್ಟು ಸರ್ಕಾರ ಎಲ್ಲರೂ ಸೇರಿ. ಅಷ್ಟು ಜನ ಸೇರಿದರೂ ಸಾಲದು ಅಂತಲೇ ತಿಳಿದದ್ದು.

#9 ಸಿಯಾಟಲ್ ಸೀನ

ಒಪ್ಪುತ್ತೇನೆ, ಅರ್ಧ. ಆದರೆ ಅವರ ಉತ್ತರವನ್ನೂ ಕೇಳಿಸಿಕೊಳ್ಳಿ. ಎರಡು ಸಾವಿರ ಮೈಲಿ ಆಚೆಯ ರಾಜಧಾನಿಯನ್ನು ನಂಬಿಕೊಂಡು ಕೂರುವುದೂ ಯೋಜನೆ ಅಲ್ಲ. 2025ರ ಏಪ್ರಿಲಿನಲ್ಲಿ ಫೆಡರಲ್ ಸರ್ಕಾರ, ವಿಪತ್ತು ಬರುವ ಮುಂಚೆಯೇ ಊರುಗಳನ್ನು ಗಟ್ಟಿ ಮಾಡಲು ಹಣ ಕೊಡುತ್ತಿದ್ದ ಬ್ರಿಕ್ ಎಂಬ ಯೋಜನೆಯನ್ನೇ ನಿಲ್ಲಿಸಿತು. ಕೋರ್ಟಿಗೆ ಹೋದರು, ಅದು ಬೇರೆ ಮಾತು. ಡಗ್ ಹಾರಿಸುವವರು ಹೇಳುವುದು, ನಿಮ್ಮನ್ನು ಮೊದಲ ಎರಡು ವಾರ ಕಾಯುವುದು ಪಕ್ಕದ ಮನೆಯವರು, ರಾಜಧಾನಿ ಅಲ್ಲ. ರಾಜ್ಯ ಸರ್ಕಾರಗಳೂ ಅದನ್ನೇ ಹೇಳುತ್ತವೆ, ಎರಡು ವಾರಕ್ಕೆ ನೀವೇ ತಯಾರಿರಿ ಅಂತ.

ಇನ್ನೊಂದು, ಬೆಟ್ಟದ ಆಚೆಯವರು ಈಗಾಗಲೇ ಮುನಿಸಿಕೊಂಡಿದ್ದಾರೆ! ಪೂರ್ವ ಆರೆಗನ್ನಿನ ಹಲವು ಕೌಂಟಿಗಳು ಐಡಹೊಗೆ ಸೇರುವ ಮಾತಿಗೆ ಮತ ಹಾಕಿವೆ. ಕ್ಯಾಸ್ಕೇಡಿಯಾ ನಕ್ಷೆಯಲ್ಲಿ ಅವರೂ ಒಂದೇ ನದಿಯ ಮಕ್ಕಳು. ಮತಪೆಟ್ಟಿಗೆಯಲ್ಲಿ ಅಲ್ಲ. ನನಗೆ ಚಳವಳಿಯ ದೊಡ್ಡ ಬಿರುಕು ಅದೇ ಅನ್ನಿಸುತ್ತದೆ.

#10 ಇಂಗ್ಲಿಷ್ ಬೇ ಇಂದಿರಾ (ವ್ಯಾಂಕೂವರ್)

ಗಡಿಯ ಈ ಕಡೆಯಿಂದ ಎರಡು ಮಾತು. ಅಮೆರಿಕದವರು ಕ್ಯಾಸ್ಕೇಡಿಯಾ ಎಂದಾಗ ನಮ್ಮನ್ನು ಕೇಳುವುದೇ ಇಲ್ಲ! ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಕ್ವಿಬೆಕ್ ವಿಷಯದಲ್ಲಿ, ಒಂದು ಪ್ರಾಂತ್ಯ ಏಕಾಏಕಿ ಹೊರಟು ಹೋಗುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರಲೇಬೇಕು ಅಂದಿದೆ. ಕಾನೂನಿನಲ್ಲಿ ನಮ್ಮ ಬಾಗಿಲು ಸ್ವಲ್ಪ ತೆರೆದಿದೆ. ಹೋಗುವ ಮನಸ್ಸು ಮಾತ್ರ ಇಲ್ಲ. ಕೆನಡಾ ಅಮೆರಿಕದ 51ನೇ ರಾಜ್ಯ ಆಗಲಿ ಎಂಬ ಟ್ರಂಪ್ ಮಾತು ಕೇಳಿದ ಮೇಲಂತೂ ಇಲ್ಲವೇ ಇಲ್ಲ. 2025ರ ಜನವರಿಯಲ್ಲಿ ನಮ್ಮ ಸಂಸದೆ ಎಲಿಜಬೆತ್ ಮೇ, ನೀವೇ ಬನ್ನಿ, ಕ್ಯಾಲಿಫೋರ್ನಿಯಾ, ಆರೆಗನ್, ವಾಷಿಂಗ್ಟನ್ ಕೆನಡಾಗೆ ಸೇರಿಕೊಳ್ಳಲಿ ಎಂದು ಚಟಾಕಿ ಹಾರಿಸಿದರು.

ಎರಡನೆಯದು. @ಕಲ್ಲುಬಂಡೆ, "ಅಕ್ಷರ ಬಲ್ಲವರು ಆಚೆ ದಡದಲ್ಲಿ" ಎಂದಿರಿ. ಈ ದಡದವರಿಗೂ ನೆನಪಿತ್ತು. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯ ಹೂ-ಏ-ಅಟ್ ಎಂಬ ಮೂಲನಿವಾಸಿ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ರಾತ್ರಿ ಊಟವಾಗಿ ಮಲಗುವ ಹೊತ್ತಿಗೆ ನೆಲ ನಡುಗಿತು, ಕಡಲ ತೀರದ ಊರಿನಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ, ಎತ್ತರದಲ್ಲಿದ್ದವರು ಉಳಿದರು. ಗುಡುಗುಹಕ್ಕಿಗೂ ತಿಮಿಂಗಿಲಕ್ಕೂ ಜಗಳವಾಗಿ ನೆಲ ಅಲ್ಲಾಡಿ ಕಡಲು ಉಕ್ಕಿದ ಕಥೆ ಈ ಕರಾವಳಿಯುದ್ದಕ್ಕೂ ಇದೆ. ವಿಜ್ಞಾನಿಗಳು ಕೇಳಿಸಿಕೊಳ್ಳಲು ತಡ ಮಾಡಿದರು, ಅಷ್ಟೆ.

#11 ಕಲ್ಲುಬಂಡೆ

ಸರಿ, ತಪ್ಪಾಯಿತು. ರಾತ್ರಿ ಅನ್ನುವುದು ಕಥೆಯಲ್ಲೂ ಇದೆ, ಲೆಕ್ಕದಲ್ಲೂ ಬಂತು. ಅದನ್ನು ನಾನೇ ಹೇಳಬೇಕಿತ್ತು.

#12 ಖಡಕ್ ರೊಟ್ಟಿ

ಇಂದಿರಾ ಅವರ ಮಾತಿಗೆ ಸೇರಿಸುತ್ತೇನೆ. ನೆಲದ ಗಡಿ, ನದಿಯ ಗಡಿ ಅಂತ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಇಲ್ಲಿನ ಮೂಲನಿವಾಸಿ ಜನಕ್ಕೆ. ಮಾಡಿ ತೋರಿಸುತ್ತಿರುವವರೂ ಅವರೇ. ವಾಷಿಂಗ್ಟನ್ ಕರಾವಳಿಯ ಕ್ವಿನಾಲ್ಟ್ ಜನ ಟಹೋಲಾ ಎಂಬ ಊರನ್ನೇ ಗುಡ್ಡದ ಮೇಲಕ್ಕೆ ಸಾಗಿಸುತ್ತಿದ್ದಾರೆ. ಟೋಕ್‌ಲ್ಯಾಂಡಿನಲ್ಲಿ ಶೋಲ್‌ವಾಟರ್ ಬೇ ಜನ 2022ರಲ್ಲಿ 50 ಅಡಿ ಎತ್ತರದ ಸುನಾಮಿ ಗೋಪುರ ಕಟ್ಟಿದರು, 400ಕ್ಕಿಂತ ಹೆಚ್ಚು ಜನ ನಿಲ್ಲಬಹುದು. ಅದಕ್ಕೆ ದೊಡ್ಡ ಪಾಲು ಹಣ ಕೊಟ್ಟದ್ದು ಫೆಡರಲ್ ಸರ್ಕಾರ, ಸೀನ ಅವರೇ, ಗಮನಿಸಿ!

#13 ಸಿಯಾಟಲ್ ಸೀನ

ಗಮನಿಸಿದೆ. ಆದರೆ ಪಕ್ಕದ ವೆಸ್ಟ್‌ಪೋರ್ಟಿನ ಒಕೋಸ್ಟಾ ಶಾಲೆಯನ್ನೂ ಗಮನಿಸಿ. ಉತ್ತರ ಅಮೆರಿಕದಲ್ಲಿ ಸುನಾಮಿಯಿಂದ ಪಾರಾಗಲು ಕಟ್ಟಿದ ಮೊದಲ ಕಟ್ಟಡ, 2016ರಲ್ಲಿ ತೆರೆಯಿತು. ಜಿಮ್ನಾಷಿಯಂ ಚಾವಣಿಯ ಮೇಲೆ ಸಾವಿರ ಜನ ನಿಲ್ಲಬಹುದು. 2013ರಲ್ಲಿ ಊರಿನವರೇ ಮತ ಹಾಕಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಕಟ್ಟಿಸಿದ್ದು. ಮೀನು ಹಿಡಿಯುವ ಸಣ್ಣ ಊರು, ಶ್ರೀಮಂತರಲ್ಲ. ಅತ್ತ ಆರೆಗನ್ನಿನಲ್ಲಿ ಉಲ್ಟಾ. ಸುನಾಮಿ ಬರುವ ಜಾಗದಲ್ಲಿ ಹೊಸ ಶಾಲೆ, ಆಸ್ಪತ್ರೆ ಕಟ್ಟಬಾರದು ಎಂದು 1995ರಿಂದ ಇದ್ದ ಕಾನೂನನ್ನು 2019ರಲ್ಲಿ ತೆಗೆದುಹಾಕಿದರು. ಕರಾವಳಿಯ ಊರುಗಳು ಬೆಳೆಯಬೇಕು ಅಂತ ಕಾರಣ ಕೊಟ್ಟರು. ದೂರದ ರಾಜಧಾನಿಯೂ ಅಲ್ಲ, ಅವರದೇ ಶಾಸನಸಭೆ.

#14 ಅಮ್ಮ ಬಂದಿದ್ದಾರೆ

ಚರ್ಚೆ ನಡುವೆ ಬಾಯಿ ಹಾಕುತ್ತಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಶನಿವಾರ ಆರೆಗನ್ ಕರಾವಳಿಯ ಕ್ಯಾನನ್ ಬೀಚ್, ಸೀಸೈಡ್ ಅಂತ ಪ್ಲಾನ್. ಇದೆಲ್ಲ ಓದಿದ ಮೇಲೆ ಹೋಗಬೇಕಾ ಬೇಡವಾ? ಅಮ್ಮನಿಗೆ ಮಂಡಿ ನೋವು.

#15 ಕಲ್ಲುಬಂಡೆ

ಖಂಡಿತ ಹೋಗಿ. ನಾನು ವರ್ಷಕ್ಕೆ ಐದಾರು ಸಲ ಹೋಗುತ್ತೇನೆ. ಮೂರು ಮಾತು ನೆನಪಿಡಿ ಸಾಕು.

ನಿಲ್ಲಲಾಗದಷ್ಟು ಜೋರಾಗಿ, ಬಹಳ ಹೊತ್ತು ನೆಲ ನಡುಗಿದರೆ ಅದೇ ಸೈರನ್. ಬೇರೆ ಸೈರನ್, ಫೋನಿನ ಸಂದೇಶ ಯಾವುದಕ್ಕೂ ಕಾಯಬೇಡಿ. ಮೊದಲ ಅಲೆಗೆ 15ರಿಂದ 30 ನಿಮಿಷ ಇರುತ್ತದೆ, ಅದರಲ್ಲೇ ನಡುಕದ ಐದು ನಿಮಿಷ ಕಳೆಯಬೇಕು. ನಡೆದು ಹೋಗಿ, ಕಾರು ಸಿಕ್ಕಿಹಾಕಿಕೊಳ್ಳುತ್ತದೆ. ಅಮ್ಮನ ಮಂಡಿಗಾಗಿ ಹೋಟೆಲನ್ನು ಗುಡ್ಡದ ಬದಿಗೆ ಹಿಡಿಯಿರಿ. ಸೀಸೈಡ್ ಚಪ್ಪಟೆ ಊರು, ನಡುವೆ ನದಿ, ಸೇತುವೆ ಇದೆ. ಕ್ಯಾನನ್ ಬೀಚ್‌ನಲ್ಲಿ ಎತ್ತರ ಹತ್ತಿರ.

ಕೊನೆಯದು, ಮೊದಲ ಅಲೆ ಹೋಯಿತು ಎಂದು ಇಳಿದು ಬರಬೇಡಿ. 1964ರಲ್ಲಿ ಅಲಾಸ್ಕದ ಭೂಕಂಪದ ಸುನಾಮಿ ಉತ್ತರ ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಗೆ ಬಂದಾಗ, ಮೊದಲ ಅಲೆಗಳು ಇಳಿದವು ಅಂತ ಜನ ಅಂಗಡಿ ಸ್ವಚ್ಛ ಮಾಡಲು ವಾಪಸ್ ಬಂದರು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದಾಗಿತ್ತು.

ಸೀಸೈಡಿನಲ್ಲಿ ಗುಡ್ಡದ ಮೇಲಿನ ಶಾಲೆಯನ್ನು ಅಪ್ಪನಿಗೆ ತೋರಿಸಿ. ತಗ್ಗಿನಲ್ಲಿದ್ದ ಶಾಲೆಗಳನ್ನು ಮೇಲಕ್ಕೆ ಸಾಗಿಸಿ ಎಂದು ಮಕ್ಕಳೇ ಪ್ರಚಾರ ಮಾಡಿದರು. 2016ರಲ್ಲಿ ಊರು ಮತ ಹಾಕಿ ಹಣ ಕೊಟ್ಟಿತು.

#16 ಉಳ್ಳಾಲದ ಉಮೇಶ

ನಮ್ಮ ಕರಾವಳಿಗೂ ಹೀಗೆ ಬರುತ್ತದಾ ಮಾರಾಯ್ರೇ?

#17 ಕಲ್ಲುಬಂಡೆ

ಇಲ್ಲ, ನಿಮ್ಮ ಕಾಲಡಿಯಲ್ಲಿ ಇಂಥ ಬಿರುಕಿಲ್ಲ. ಅರಬ್ಬಿ ಸಮುದ್ರದಲ್ಲಿ ಇರುವುದು ದೂರದ, ಪಾಕಿಸ್ತಾನ ಇರಾನ್ ಕಡೆಯ ಮಕ್ರಾನ್ ತೀರದ್ದು. 1945ರ ನವೆಂಬರಿನಲ್ಲಿ ಅಲ್ಲಿ ಎದ್ದ ಅಲೆ ಮುಂಬೈಗೂ ಬಂದು ಜನ ಸತ್ತರು. ನಿಮಗೆ ಎಚ್ಚರಿಕೆ ಕೊಡಲು ಗಂಟೆಗಟ್ಟಲೆ ಸಮಯ ಇರುತ್ತದೆ. ಸಾಲದು ಅನ್ನಿಸಿದರೆ ಕಡಲ್ಕೊರೆತ ಇದ್ದೇ ಇದೆಯಲ್ಲ.

#18 ತರಲೆ ತಿಮ್ಮ

ಇಷ್ಟೆಲ್ಲ ಓದಿ ನನಗೆ ತಿಳಿದದ್ದು: ಮೆಕ್‌ಕ್ಲಾಸ್ಕಿ ನಕ್ಷೆಯ ದಕ್ಷಿಣದ ತುದಿಯೂ ಕೇಪ್ ಮೆಂಡೊಸಿನೊ ಕಡೆ, ಬಿರುಕಿನ ತುದಿಯೂ ಕೇಪ್ ಮೆಂಡೊಸಿನೊ. ಅಂದರೆ ಈ ದೇಶದ ಗಡಿ ಕಾಯುವ ಒಬ್ಬನೇ ಸೈನಿಕ ಭೂಕಂಪ. ಪಾಸ್‌ಪೋರ್ಟ್ ಬೇಡ, ಗಮ್‌ಬೂಟ್ ಸಾಕು.

#19 ಸಿಯಾಟಲ್ ಸೀನ

ತಿಮ್ಮ ಒಮ್ಮೊಮ್ಮೆ ಸರಿಯಾಗಿ ಹೇಳಿಬಿಡುತ್ತಾನೆ. ಆ ಬೆಟ್ಟ, ಆ ಮಳೆ, ಆ ಡಗ್ಲಸ್ ಫರ್ ಇರುವುದೇ ಆ ಫಲಕ ಅಡಿಗೆ ನುಗ್ಗಿದ್ದರಿಂದ. ಕ್ಯಾಸ್ಕೇಡ್‌ನ ಜ್ವಾಲಾಮುಖಿಗಳನ್ನು ಬೆಳೆಸಿದ್ದೂ ಅದೇ, ಸಮುದ್ರದ ಮೋಡವನ್ನು ತಡೆದು ನಿಲ್ಲಿಸುವುದು ಆ ಬೆಟ್ಟ. ನಾಡನ್ನು ಮಾಡಿದ ಕೈಯೇ ನಾಡನ್ನು ಅಲ್ಲಾಡಿಸುವುದು. ಬಾವುಟದವರು ಮರವನ್ನು ಹಾಕಿಕೊಂಡರು, ಬಿರುಕನ್ನು ಬಿಟ್ಟರು.

#20 ಹಂಚಿನಮನೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಧೈರ್ಯ ಮಾಡಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಕೋಸಂಬರಿ ತೆಗೆದುಕೊಂಡು ಹೋಗಿದ್ದೆ. ಸ್ವಾತಂತ್ರ್ಯದ ಮಾತು ಎರಡು ನಿಮಿಷದಲ್ಲಿ ಮುಗಿಯಿತು. "ಅಯ್ಯೋ, ಅದು ಆಗುವ ಹೋಗುವ ಮಾತಲ್ಲ" ಅಂದರು. ಆಮೇಲೆ ಒಂದೂವರೆ ಗಂಟೆ ಗ್ಯಾರೇಜು ತೋರಿಸಿದರು. ನೀಲಿ ಡ್ರಮ್ಮುಗಳಲ್ಲಿ ನೀರು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, 14 ದಿನ. ನಮ್ಮ ಮೂವರ ಲೆಕ್ಕ ಹಾಕಿದರೆ 42 ಗ್ಯಾಲನ್, ಸುಮಾರು 160 ಲೀಟರ್. "ನಿಮ್ಮ ಬಿಸಿನೀರಿನ ಟ್ಯಾಂಕಿನಲ್ಲೇ ಅಷ್ಟು ಇರುತ್ತದೆ, ಗೋಡೆಗೆ ಕಟ್ಟಿ ಹಾಕಿ" ಎಂದು ನಮ್ಮ ಮನೆಗೇ ಬಂದು ಪಟ್ಟಿ ಬಿಗಿದರು. ಗ್ಯಾಸ್ ವಾಸನೆ ಬಂದರೆ ಮಾತ್ರ ಮುಚ್ಚಿ, ಸುಮ್ಸುಮ್ನೆ ಮುಚ್ಚಬೇಡಿ ಎಂದು ಮೀಟರಿನ ಪಕ್ಕ ಒಂದು ಸ್ಪ್ಯಾನರ್ ತಂತಿಯಲ್ಲಿ ಕಟ್ಟಿ ಹೋದರು. ಬೀದಿಯಲ್ಲಿ ಯಾರ ಮನೆಯಲ್ಲಿ ಒಂಟಿ ಅಜ್ಜಿ ಇದ್ದಾರೆ, ಯಾರ ಹತ್ತಿರ ಚೈನ್‌ಸಾ ಇದೆ ಅನ್ನುವ ಪಟ್ಟಿ ಅವರ ಹತ್ತಿರ ಇದೆ. ಈಗ ಅದರಲ್ಲಿ ನಮ್ಮ ಹೆಸರೂ ಸೇರಿದೆ. ನಮ್ಮ ಮುಂದೆ "ಪ್ರೆಷರ್ ಕುಕ್ಕರ್, ಬೇಳೆ" ಎಂದು ಬರೆದುಕೊಂಡರು.

ಮಗಳ ಪತ್ರವನ್ನು ಕನ್ನಡದಲ್ಲಿ ಬರೆದೆ. ಅವಳಿಗೆ ಇಂಗ್ಲಿಷ್ ಸರಾಗ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಹೊತ್ತು ಹಿಡಿಯುತ್ತದೆ. ಹಿಡಿಯಲಿ ಅಂತಲೇ ಬರೆದೆ. ಒತ್ತಕ್ಷರ ಸ್ವಲ್ಪ ಜಾಸ್ತಿಯೇ ಹಾಕಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಆ ಚೀಲದಲ್ಲಿ ಚಕ್ಕುಲಿ ಇಡಬಹುದಾ?

#21 ಬೀದರ್ ಬಸ್ಯಾ

ಬೇಡ ರೀ. ಜೂನ್ ಬರುವ ಹೊತ್ತಿಗೆ ಎಣ್ಣೆ ಕಮಟು ಬಂದಿರುತ್ತದೆ. ಖರ್ಜೂರ ಇಡಿ. ವರ್ಷಕ್ಕೊಮ್ಮೆ ಫೋಟೊ ಬದಲಿಸಿ, ಮಕ್ಕಳು ಬೇಗ ಬೆಳೆಯುತ್ತಾರೆ.